ಮಗುಚಿದ ಮೆಟ್ಟಿಲು

ಯಾವ ಕಲ್ಲನ್ನಾದರೂ ಅವಳು ಮೊದಲು ತಟ್ಟುತ್ತಾಳೆ, ಆಮೇಲೆ ನೋಡುತ್ತಾಳೆ. ಕಲ್ಲು ಕಣಕಣ ಎಂದರೆ ಗಟ್ಟಿ, ಮೊದ್ದು ಸದ್ದು ಬಂದರೆ ಒಳಗೆಲ್ಲೋ ಬಿರುಕು. ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯ ಕಲ್ಲುಕೆಲಸದವರಿಗೆ ಗಾರೆ ಕಲಸಿಕೊಡುತ್ತಿದ್ದವಳು, ಒಂದು ದಿನ ಕೇಳದೆಯೇ ಸುತ್ತಿಗೆ ಎತ್ತಿಕೊಂಡಳು, ಅದೂ ಎಡಗೈಯಲ್ಲಿ. ಮಾವ ಬಿದ್ದು ಬಿದ್ದು ನಕ್ಕರು. ಆದರೆ ಬಲಕ್ಕೆ ಗೋಡೆ ಅಡ್ಡ ಬಂದು ಉಳಿದವರೆಲ್ಲ ಮೈ ತಿರುಚಿಕೊಂಡು ಒದ್ದಾಡುವ ಮೂಲೆಗಳಲ್ಲಿ ಇವಳು ನೆಟ್ಟಗೆ ನಿಂತು ಕೆತ್ತಿದಳು. ಅಂದಿನಿಂದ ಆ ಮೂಲೆಗಳೆಲ್ಲ ಅವಳ ಪಾಲಿಗೆ ಬಂದವು. ಹೆಸರೂ ಬಂತು: ಎಡಚಿ.

ಮಾವನ ಮಂಡಿ ಸೋತ ಮೇಲೆ ಅವರು ಗೋಡೆಯ ನೇರ ನೋಡುವ ತಮ್ಮ ತೂಗುಗುಂಡನ್ನು ಅವಳ ಕೈಗಿಟ್ಟರು. "ಇನ್ಮೇಲೆ ನೀನೇ ಮೇಸ್ತ್ರಿ."

ಮೇಸ್ತ್ರಿಯಾಗಿ ಅವಳು ಒಪ್ಪಿಕೊಂಡ ಮೊದಲ ಕೆಲಸ ಬೇಕರಿ ಓಣಿಯ ಮೆಟ್ಟಿಲುಗಳದು. ಎರಡು ಗೋಡೆಗಳ ನಡುವೆ ಏರಿಹೋಗುವ ಆ ಓಣಿಯಲ್ಲಿ ಕಾಲು ಸವೆಸದ ಕಲ್ಲೇ ಇರಲಿಲ್ಲ. ಪ್ರತಿ ಮೆಟ್ಟಿಲ ನಡುವೆಯೂ ಬಟ್ಟಲಿನಂಥ ತಗ್ಗು, ಅದರಲ್ಲಿ ನೀರು. ಎಲ್ಲ ಒಡೆದು ಕಾಂಕ್ರೀಟು ಸುರಿಯೋಣ ಎಂದು ಓಣಿಯವರು ಮಾತಾಡಿಕೊಂಡಿದ್ದರು. ಅವಳು ನಡುವೆ ಬಾಯಿ ಹಾಕಿದ್ದಳು. "ಒಂದು ಹೊಸ ಕಲ್ಲೂ ಬೇಡ. ಇವನ್ನೇ ಹೊಸದು ಮಾಡ್ಕೊಡ್ತೀನಿ."

"ಹಾಗಾದ್ರೆ ಕೆಳಗಿನ ಮೆಟ್ಟಿಲೊಂದನ್ನ ಮಾಡಿ ತೋರಿಸು," ಎಂದಿದ್ದಳು ಬೇಕರಿಯಾಕೆ. "ಸರಿ ಬಂದ್ರೆ ಎಲ್ಲ ನಿನ್ನದೇ. ಬರದಿದ್ರೆ ಮರುದಿನಾನೇ ಕಾಂಕ್ರೀಟಿನವರನ್ನ ಕರೀತೀವಿ."

ಅವಳ ಉಪಾಯ ಸರಳವಾಗಿತ್ತು. ಕಲ್ಲಿನ ಅಡಿಭಾಗವನ್ನು ಯಾರೂ ತುಳಿದಿರುವುದಿಲ್ಲ. ಮಗುಚಿ ಹಾಕಿದರೆ ಆಯಿತು.

ಕೆಲಸದ ದಿನ ಬೆಳಿಗ್ಗೆ ತಟ್ಟಿದಾಗ ಕಲ್ಲು ಕಣಕಣ ಎಂದಿತು, ಆದರೆ ಅಡಿಯಲ್ಲಿ ಏನೋ ಟೊಳ್ಳು ಕೇಳಿಸಿತು. ಮಣ್ಣು ಕುಸಿದಿರಬೇಕು ಎಂದುಕೊಂಡಳು. ಮೈದುನ ಹಾರೆ ಹಾಕಿ ಮೀಟಿದ. ಇಬ್ಬರೂ ಸೇರಿ ಕಲ್ಲನ್ನು ಮಗುಚಿದರು.

ಅಡಿಯಲ್ಲೂ ಬಟ್ಟಲು! ಅದೇ ಆಳ, ಅದೇ ನುಣುಪು. ಅದು ಕೂತಿದ್ದ ಜಾಗದಲ್ಲಿ ತಗ್ಗು ತುಂಬಲು ಯಾರೋ ಜೋಡಿಸಿಟ್ಟ ಕಲ್ಲುಚಕ್ಕೆಗಳ ಗುಪ್ಪೆ.

ಮೈದುನ ಹಾರೆಗೆ ಒರಗಿಕೊಂಡು ನಗತೊಡಗಿದ. "ಅತ್ತಿಗೆ, ನಿಮಗಿಂತ ಮುಂಚೆ ಯಾರೋ ನಿಮ್ಮ ಉಪಾಯ ಕದ್ದಿದ್ದಾರೆ!"

ನಗು ಕೇಳಿ, ಓಣಿಯ ಬಾಯಲ್ಲಿ ಕೂತಿದ್ದ ಮಾವ ಕೋಲೂರಿಕೊಂಡು ಬಂದರು. ಬಗ್ಗಿ, ಕಲ್ಲಿನ ಪಕ್ಕೆಯ ಉಳಿಗೆರೆಗಳ ಮೇಲೆ ಬೆರಳಾಡಿಸಿದರು. "ಇದು ನಮ್ಮಪ್ಪನ ಕೈ. ಮಗುಚೋದು ನಮ್ಮ ಮನೆ ಉಪಾಯಾನೇ ಅಲ್ವೇನಮ್ಮ? ಅವರಿಗೆ ಹೊಳೀದೇ ಇರುತ್ತಾ?"

"ನನ್ನ ಕಿವಿ ಹೇಳಿತ್ತು ಮಾವ. ನಾನೇ ಕೇಳಿಸ್ಕೊಳ್ಳಲಿಲ್ಲ."

ಬೇಕರಿಯಾಕೆ ಬಾಗಿಲಲ್ಲಿ ನಿಂತಿದ್ದಳು. "ಮೇಲೂ ಬಟ್ಟಲು, ಕೆಳಗೂ ಬಟ್ಟಲು. ಫೋನ್ ಮಾಡ್ಲಾ ಕಾಂಕ್ರೀಟಿನವರಿಗೆ?"

"ನಿಮ್ಮ ಬ್ರೆಡ್ಡು ಬೇಯೋವರೆಗಾದ್ರೂ ತಡ್ಕೊಳ್ಳಿ," ಎಂದಳು ಎಡಚಿ.

ಅವಳು ಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಕಾಲುಗಳೆಲ್ಲ ನಡುವೆಯೇ ನಡೆದಿದ್ದವು. ಗೋಡೆಗೆ ಅಂಟಿದ್ದ ಎರಡು ತುದಿಗಳು ಮಾತ್ರ ಕೆತ್ತಿದ ದಿನ ಹೇಗಿದ್ದವೋ ಹಾಗೇ ದಪ್ಪಗೆ, ಒರಟಾಗಿ ಕೂತಿದ್ದವು. ಅವಳ ಮುಖ ಅರಳಿತು.

"ನಡುವೆ ಕತ್ತರಿಸ್ತೀನಿ. ಎಡಗಡೆ ತುಂಡು ಬಲಕ್ಕೆ, ಬಲಗಡೆದು ಎಡಕ್ಕೆ. ದಪ್ಪ ತುದಿಗಳು ನಡುವೆ ಬರ್ತವೆ, ಸವೆದದ್ದು ಗೋಡೆ ಪಕ್ಕ ಹೋಗುತ್ತೆ. ಅಲ್ಲಿ ಯಾರೂ ತುಳಿಯಲ್ಲ, ನೀರು ಬೇಕಾದ್ರೆ ಹರ್ಕೊಂಡು ಹೋಗ್ಲಿ."

ಮೈದುನನ ನಗು ನಿಂತಿತು. "ನಡುವೆ ಬಿಸ್ಕತ್ತಿನಷ್ಟು ತೆಳ್ಳಗಿದೆ ಅತ್ತಿಗೆ. ಉಳಿ ಇಟ್ರೆ ಚೂರು ಚೂರು. ಆಮೇಲೆ ಮೆಟ್ಟಿಲೂ ಇಲ್ಲ, ಮಿಕ್ಕ ಕೆಲಸಾನೂ ಇಲ್ಲ."

"ತೆಳ್ಳಗಿದ್ರೇನೇ ಒಳ್ಳೇದು. ನಾವು ಹೇಳಿದ ಕಡೆ ಮಾತು ಕೇಳುತ್ತೆ."

ಮಾವ ಬೇಕರಿಯ ಕಟ್ಟೆಯ ಮೇಲೆ ಕೂತು ಕೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದರು.

ಮರಳು ಹಾಸಿ ಕಲ್ಲನ್ನು ಅದರ ಮೇಲೆ ಮಲಗಿಸಿದಳು, ಅಡಿಯಲ್ಲಿ ಎಲ್ಲೂ ಗಾಳಿ ಆಡದಂತೆ ಮರಳು ತುರುಕಿದಳು. ಇದ್ದಿಲಿನಿಂದ ಗೆರೆ ಎಳೆದಳು. ಆ ಗೆರೆಯ ಮೇಲೆ ಉಳಿಯನ್ನು ನಡೆಸುತ್ತ ಒಂದೇ ತೂಕದ ಏಟು ಹಾಕತೊಡಗಿದಳು. ಅವಸರಪಟ್ಟು ಒಂದು ಏಟು ಜೋರಾಗಿ ಬಿದ್ದರೂ ಕಲ್ಲು ತನಗೆ ತೋಚಿದ ಕಡೆ ಬಾಯಿ ಬಿಡುತ್ತದೆ.

"ಸ್ವಲ್ಪ ತಟ್ಟೆ ಸದ್ದು ನಿಲ್ಲಿಸ್ತೀರಾ?" ಎಂದು ಬೇಕರಿಯತ್ತ ಕೂಗಿದಳು.

ಬೇಕರಿ ಸುಮ್ಮನಾಯಿತು. ಕಣ್, ಕಣ್, ಕಣ್. ಉಳಿ ಗೆರೆಯ ತುದಿ ಮುಟ್ಟಿ ಹಿಂದಿರುಗಿತು, ಮತ್ತೆ ಹೋಯಿತು. ಹಾಗೆ ಹೋಗುತ್ತಿರುವಾಗ ಕಲ್ಲಿನ ದನಿ ಇಳಿಯಿತು, ಗಂಟಲು ಕಟ್ಟಿದವರ ಹಾಗೆ. ಈ ಸಲ ಅವಳು ಕೇಳಿಸಿಕೊಂಡಳು. ಉಳಿ ಕೆಳಗಿಟ್ಟು, ಬರೀ ಸುತ್ತಿಗೆಯಿಂದ ಗೆರೆಯ ನಡುವೆ ಒಮ್ಮೆ ಮೆತ್ತಗೆ ತಟ್ಟಿದಳು.

ಕಲ್ಲು ಗೆರೆಗುಂಟ ಎರಡಾಗಿ ಮಲಗಿತು.

ಮಧ್ಯಾಹ್ನದ ಹೊತ್ತಿಗೆ ತುಂಡುಗಳು ಜಾಗ ಬದಲಿಸಿದವು. ಸವೆದ ಭಾಗಗಳ ಅಡಿಗೆ ಹಳೆಯ ಚಕ್ಕೆಗಳನ್ನೇ ಗಾರೆಯಲ್ಲಿ ಕೂರಿಸಿದಳು. ಒರಟು ತುದಿಗಳನ್ನು ಉಳಿಯಲ್ಲಿ ಸಮಮಾಡಿ ಸೇರಿಸಿದ ನಡುವಿನ ಸಂದಿಯಲ್ಲಿ ಉಗುರು ಹೋಗುವಷ್ಟೂ ಜಾಗವಿರಲಿಲ್ಲ. ಮೈದುನ ರಸಮಟ್ಟ ಇಟ್ಟು, ಅದರ ಗುಳ್ಳೆ ಸರಿಯಾಗಿ ನಡುವೆ ನಿಂತದ್ದನ್ನು ನೋಡಿ, ಅದನ್ನು ಚೀಲಕ್ಕೆ ಹಾಕಿಕೊಂಡ.

ಸಂಜೆ ಬೇಕರಿಯಾಕೆ ಬನ್ನು ತುಂಬಿದ ದೊಡ್ಡ ತಟ್ಟೆಯನ್ನು ತಲೆಯ ಮೇಲೆ ಹೊತ್ತು ಹೊರಗೆ ಬಂದಳು. ಮೆಟ್ಟಿಲ ನಡುವೆ ಕಾಲಿಟ್ಟು, ಒತ್ತಿ ನೋಡಿ, ಎರಡೂ ಕಾಲಲ್ಲಿ ನಿಂತಳು. ತಟ್ಟೆ ಅಲುಗಲಿಲ್ಲ.

"ನಾಳೆ ಎಷ್ಟೊತ್ತಿಗೆ ಬರ್ತೀಯ? ಹೋದ ಮಳೆಗಾಲದಲ್ಲಿ ನಾನು ಜಾರಿ ಬಿದ್ದಿದ್ದು ಇದರ ಮೇಲಿನ ಮೆಟ್ಟಿಲಲ್ಲೇ."

"ಬೆಳಕಾದ ಕೂಡಲೇ."

ಮಾವ ಕೋಲಿನಿಂದ ಆ ಮೆಟ್ಟಿಲನ್ನು ತಟ್ಟಿದರು. "ಕಲ್ಲಿನ ಎಲ್ಲ ಕಡೇನೂ ಖರ್ಚು ಮಾಡ್ಬಿಟ್ಟೆಯಲ್ಲಮ್ಮ. ಇದು ಮತ್ತೆ ಸವೆದಾಗ ಮುಂದಿನವರು ಏನು ಮಾಡ್ಬೇಕು?"

"ಅವರಿಗೂ ತಲೆ ಇರುತ್ತೆ ಮಾವ," ಎಂದ ಎಡಚಿ ಆಗಲೇ ಮೇಲಿನ ಮೆಟ್ಟಿಲಿಗೆ ಬಗ್ಗಿ, ಕಿವಿ ಆನಿಸಿ, ಬೆರಳ ಗಿಣ್ಣಿನಿಂದ ತಟ್ಟುತ್ತಿದ್ದಳು.