ನೋಡದೆ ತೆಗೆಸುವ ದೇವಕ್ಕ

ಭುವನೇಶ್ವರಿಗೆ ಸ್ವಂತ ಫೋನ್ ಇಲ್ಲ. ಮನೆಗಿರುವ ಒಂದೇ ಫೋನ್ ಗಂಡ ಬಸಲಿಂಗನದು. ಅವನು ವರ್ತೂರಿನ ಕಟ್ಟಡದ ಕೆಲಸದಲ್ಲಿ ಅಲ್ಲೇ ಮಲಗಿ, ಭಾನುವಾರ ಬಂದು ಹೋಗುತ್ತಾನೆ. ಹಾಗಾಗಿ ತನ್ನ ಅರೆಬೆತ್ತಲೆ ಚಿತ್ರ ಅಂತರ್ಜಾಲದಲ್ಲಿದೆ ಎಂಬುದು ಈಕೆಗೆ ಎಲ್ಲರಿಗಿಂತ ಕೊನೆಗೆ, ಜೊತೆ ಕೆಲಸದವಳೊಬ್ಬಳು ಪುಟದ ವಿಳಾಸ ಬರೆದುಕೊಟ್ಟಾಗ ಗೊತ್ತಾಗಿದೆ.

ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿನ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ದೇವಕ್ಕ ತಮ್ಮ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಎತ್ತುತ್ತಾರೆ. ಪೀಣ್ಯದ ಗಾರ್ಮೆಂಟ್ಸ್ ಬಸ್ಸು ಬರುವ ಮೊದಲು ಹೆಂಗಸರು ಫೋನ್ ಕೊಟ್ಟು ಹೋಗಬೇಕಲ್ಲ, ಅದಕ್ಕೇ ಈ ಹೊತ್ತು. ಇವತ್ತು ಮೆಟ್ಟಿಲ ಮೇಲೆ ಆಗಲೇ ಒಬ್ಬಳು ಕೂತಿದ್ದಾಳೆ, ಅದೇ ಬಸ್ಸಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಭುವನೇಶ್ವರಿ ಎಂಬುದು ಆಕೆಯ ನಿಜವಾದ ಹೆಸರಲ್ಲ, ಈ ಬರಹಕ್ಕೆಂದು ಆಕೆಯೇ ಆರಿಸಿಕೊಂಡದ್ದು.

ಅಂಗಡಿಯೊಳಗೆ ಎರಡು ವಿಚಿತ್ರಗಳಿವೆ. ಒಂದು, ರಿಪೇರಿ ಮೇಜಿನ ಹಿಂದೆ ಕ್ಷೌರದಂಗಡಿಯಲ್ಲಿರುವಂಥ ಕನ್ನಡಿ. ದೇವಕ್ಕನ ಕೈ ಫೋನಿನೊಳಗೆ ಏನು ಮಾಡುತ್ತಿದೆ ಎಂಬುದು ಎದುರು ಕೂತವರಿಗೆ ಕಾಣಲೆಂದು ಹಾಕಿಸಿದ್ದು. ಇನ್ನೊಂದು, ಮೂಲೆಯ ಹಳೆಯ ಕಂಪ್ಯೂಟರಿನ ಪರದೆಗೆ ಒರಗಿಸಿಟ್ಟ ದಪ್ಪ ರಟ್ಟು. ಅದರಲ್ಲಿ ಎರಡು ಕಿಂಡಿ ಕೊರೆದಿದ್ದಾರೆ: ಮೇಲಿನದರಲ್ಲಿ ಪುಟದ ವಿಳಾಸ ಮಾತ್ರ ಕಾಣುತ್ತದೆ, ಬದಿಯದರಲ್ಲಿ ದೂರು ಕೊಡುವ ಗುಂಡಿ. ನಡುವಿನ ಚಿತ್ರ ಕಾಣುವುದಿಲ್ಲ.

"ನಾ ನೋಡಿದ್ರ ನೋಡಿದವ್ರ ಲೆಕ್ಕಕ್ಕ ಇನ್ನೊಬ್ಬಾಕಿ ಕೂಡ್ತಾಳ್ರಿ. ತೆಗಸಾಕ ಕುಂತಾಕಿ ನಾನು, ಕೂಡಸಾಕಲ್ಲ" ಅನ್ನುತ್ತಾರೆ ದೇವಕ್ಕ.

ಕಟ್ಟಡದ ಮಾಲೀಕ ಸೊಣ್ಣಪ್ಪ ಹಾಲಿನ ಪ್ಯಾಕೆಟ್ ಹಿಡಿದು ಹಾದುಹೋಗುವಾಗ ಇಣುಕುತ್ತಾನೆ. "ಕಂಪ್ಯೂಟರ್‌ಗೆ ಪರದೆ ಕಟ್ಟಿ ಕೆಲ್ಸ ಮಾಡೋಳ್ನ ಇವ್ಳನ್ನೇ ಕಂಡಿದ್ದು ಕಣ್ರೀ. ಕಣ್ಮುಚ್ಕೊಂಡು ಟಿವಿ ನೋಡ್ದಂಗೆ!"

"ನೀವು ಹಾಲು ತಗೊಂಡು ಮನಿಗಿ ಹೋಗ್ರಿ ಅಣ್ಣಾರ, ಚಾ ಆರ್ತದ" ಅಂತ ದೇವಕ್ಕ ತಲೆ ಎತ್ತದೆ ಹೇಳುತ್ತಾರೆ.

ಸುರಪುರದ ಕಡೆಯ ದೇವಕ್ಕ ಹದಿನೈದು ವರ್ಷದ ಹಿಂದೆ ಗಂಡನ ಜೊತೆ ಬಂದವರು. ಗಾರ್ಮೆಂಟ್ಸಿನಲ್ಲಿ ಬಟ್ಟೆಯ ಅಳತೆಗೆ ರಟ್ಟು ಕತ್ತರಿಸುವ ಕೆಲಸ ಮಾಡುತ್ತಿದ್ದರು. ಒಮ್ಮೆ ತಮ್ಮ ಫೋನನ್ನು ಜಾಲಹಳ್ಳಿ ಕ್ರಾಸಿನ ಅಂಗಡಿಯೊಂದಕ್ಕೆ ರಿಪೇರಿಗೆ ಕೊಟ್ಟರು. "ಸಂಜಿಗೆ ಫೋನ್ ತಗೊಂಡು ಬಂದ ಮ್ಯಾಲ ಅಂಗಡಿ ಹುಡುಗಂದು ಮೆಸೇಜ್ ಬಂತ್ರಿ, ಹಳದಿ ಸೀರೆ ಸಕ್ಕತ್ತಾಗಿದೆ ಅಂತ. ಅವತ್ತು ನಾ ಹಳದಿ ಸೀರಿ ಉಟ್ಟಿದ್ದಿಲ್ಲ. ಆ ಫೋಟೋ ಫೋನಿನ ಒಳಗ ಇತ್ತು." ಸೀರೆ ಉಟ್ಟ ಚಿತ್ರವಾದ್ದರಿಂದ ಬಚಾವಾದೆ ಅನ್ನುತ್ತಾರೆ. ಮುಂದಿನ ತಿಂಗಳೇ ರಿಪೇರಿ ಕಲಿಸುವ ತರಗತಿಗೆ ಸೇರಿದರು. ಅಲ್ಲಿದ್ದ ಒಬ್ಬಳೇ ಹೆಂಗಸು.

ಭುವನೇಶ್ವರಿಯ ಚಿತ್ರ ಹೊರಬಿದ್ದದ್ದೂ ಅಂಥದ್ದೇ ದಾರಿಯಲ್ಲಿ ಇರಬೇಕು. ಆಕೆ ಸ್ನಾನ ಮಾಡಿ ಬಂದಾಗ ಬಸಲಿಂಗ ತಮಾಷೆಗೆ ತೆಗೆದಿದ್ದ, ಅಳಿಸಿದೆ ಅಂದಿದ್ದ. ಆಮೇಲೆ ಫೋನಿನ ಗಾಜು ಒಡೆದು ಯಾವುದೋ ಅಂಗಡಿಗೆ ಹೋಗಿಬಂತು. ಹಾಕಿದವರು ಯಾರೆಂದು ಗೊತ್ತಿಲ್ಲ. ಈಗ ಆಕೆಗೆ ಬೇಕಾದದ್ದು ಒಂದೇ: ಊರಿಗೆ ಮುಟ್ಟುವ ಮೊದಲು ಅದು ಹೋಗಬೇಕು. "ನಮ್ಮವ್ವ ಇನ್ನಾ ನೋಡಿಲ್ಲಕ್ಕ" ಅಂತ ಮತ್ತೆ ಮತ್ತೆ ಹೇಳುತ್ತಾಳೆ.

ದೇವಕ್ಕ ಅವಸರ ಮಾಡುವುದಿಲ್ಲ. ಮೊದಲು ಪುಟದ ವಿಳಾಸ, ತಾರೀಖು, ಹೊತ್ತು ಉಳಿಸಿಡುತ್ತಾರೆ. ಚಿತ್ರ ಹೋದ ಮೇಲೆ ಪೊಲೀಸರಿಗೆ ತೋರಿಸಲು ಏನೂ ಇರುವುದಿಲ್ಲ. ಭುವನೇಶ್ವರಿ ಠಾಣೆಗೆ ಒಲ್ಲೆ ಅನ್ನುತ್ತಾಳೆ. "ಇವತ್ತು ಒಲ್ಲೆ ಅಂತಿ. ನಾಳೆ ಹೋಗ್ತೀನಿ ಅಂದ್ರ ಬೇಕಾಗ್ತದ, ಇರ್ಲಿ."

ಆಮೇಲೆ ದೂರಿನ ಗುಂಡಿ. ಹೆಚ್ಚಿನವರು ಎಡವುವುದು ಇಲ್ಲೇ. 'ನನಗೆ ಇಷ್ಟವಾಗಲಿಲ್ಲ' ಎಂಬುದನ್ನು ಒತ್ತುತ್ತಾರೆ. ಆಗ ಚಿತ್ರ ಅವರ ಕಣ್ಣಿಗಷ್ಟೇ ಮರೆಯಾಗುತ್ತದೆ, ಊರಿಗೆಲ್ಲ ಕಾಣುತ್ತಲೇ ಇರುತ್ತದೆ. 'ಇದರಲ್ಲಿರುವುದು ನಾನು, ನನ್ನ ಒಪ್ಪಿಗೆ ಇಲ್ಲ' ಎಂದು ಹೇಳಬೇಕು. ಖಾತೆ ಇಲ್ಲದವರು ಹಾಗೆ ಹೇಳಲು ಬೇರೆ ಅರ್ಜಿಯಿದೆ. ದೇವಕ್ಕ ಅದನ್ನು ತೆರೆದು ಕುರ್ಚಿ ಬಿಟ್ಟು ಏಳುತ್ತಾರೆ.

"ಚಿತ್ರ ಇದೇ ಹೌದೋ ಅಲ್ಲೋ ಒಬ್ಬರು ನೋಡಿ ಹೇಳಬೇಕವ್ವ. ನಿಂದು, ನೀನೇ ನೋಡು. ನಾ ಹೊರಗ ಕಸಾ ಹೊಡಿತೀನಿ."

ಒಳಗೆ ರಟ್ಟು ಸರಿದ ಸದ್ದು. ಹೊರಗೆ ಪೊರಕೆಯ ಸದ್ದು. ಗುಡಿಸಲು ಅಷ್ಟು ಕಸವೇನೂ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಹೌದಕ್ಕ. ನಂದ" ಎಂಬ ದನಿ.

ತಿಂಗಳಿಗೆ ಇಂಥವು ನಾಲ್ಕೈದು ಬರುತ್ತವೆ. ಕೆಲವು ಚಿತ್ರ ಎರಡನೆಯ, ಮೂರನೆಯ ಸಲ ದೂರು ಕೊಟ್ಟ ಮೇಲೆ ಹೋಗುತ್ತವೆ. ಕೆಲವು ಹೋಗುವುದೇ ಇಲ್ಲ.

ಭುವನೇಶ್ವರಿಯದು ಮೂರನೆಯ ದಿನ ಹೋಗುತ್ತದೆ. ಬೆಳಗ್ಗೆ ಬಂದು ತಾನೇ ಪರಿಶೀಲಿಸಿ, ಅದೇ ಮೊದಲ ಸಲ ನಗುತ್ತಾಳೆ. ಊರಲ್ಲಿರುವ ಅಣ್ಣ ಚನಬಸಪ್ಪನಿಗೆ ತಿಳಿಸಲು ದೇವಕ್ಕನ ಫೋನಿನಿಂದ ಕರೆ ಮಾಡುತ್ತಾಳೆ. ಅವನು ಹೇಳಿದ್ದು ಕೇಳಿ ಫೋನನ್ನು ದೇವಕ್ಕನ ಕೈಗಿಡುತ್ತಾಳೆ. ದೇವಕ್ಕ ಸ್ಪೀಕರ್ ಒತ್ತುತ್ತಾರೆ.

"ಏನು ಹೇಳಿದಿ ಅಣ್ಣಾ ಆಕಿಗೆ?"

"ಪೀಣ್ಯದ ಹುಡುಗ ಒಬ್ಬ ನನಗ ಕಳಿಸಿದ್ದ ಅಕ್ಕಾರ. ನಾ ನಾಕು ದಿನದ ಹಿಂದ ಬೀಗರ ಗ್ರೂಪಿಗೆ ಹಾಕೀನಿ, ಇದನ್ನ ಯಾರೂ ನೋಡಬ್ಯಾಡ್ರಿ, ಬಂದ್ರ ಅಳಿಸ್ರಿ ಅಂತ."

"ಫೋಟೋ ಹಚ್ಚಿ?"

"ಹಚ್ಚದಿದ್ರ ಯಾವುದು ನೋಡಬಾರದು ಅಂತ ಅವರಿಗೆ ಹೆಂಗ ಗೊತ್ತಾಗಬೇಕ್ರಿ?"

ದೇವಕ್ಕ ಬೈಯುವುದಿಲ್ಲ. ಹೀಗೆ ಕಾಳಜಿಗೆ ಕಳಿಸುವ ಅಣ್ಣ, ಮಾವ, ಮೈದುನರು ಅವರಿಗೆ ಹೊಸಬರಲ್ಲ. ಪುಟದಲ್ಲಿದ್ದರೆ ದೂರು ಕೊಡಬಹುದು. ಗ್ರೂಪಿಗೆ ಕಳಿಸಿ ಎರಡು ಮೂರು ದಿನ ದಾಟಿದರೆ ಕಳಿಸಿದವನಿಗೂ ಅದನ್ನು ವಾಪಸ್ ತೆಗೆಯಲು ಬರುವುದಿಲ್ಲ, ಒಬ್ಬೊಬ್ಬರಿಗೆ ಹೇಳಿ ಅಳಿಸಿಸಬೇಕು. ಭುವನೇಶ್ವರಿ ಬಸ್ಸು ಬಿಟ್ಟು ಅಲ್ಲೇ ಕೂತು ಕರೆ ಮಾಡುತ್ತಾಳೆ.

"ಕಾಕಾ, ಅಣ್ಣ ಹಾಕ್ಯಾನಲ್ಲ, ಅದನ್ನ ಅಳಿಸಿಬಿಡ್ರಿ."

"ಯಾವುದವ್ವ? ನಾ ಇನ್ನಾ ನೋಡೇ ಇಲ್ಲ. ತಡಿ, ನೋಡ್ತೀನಿ."

"ನೋಡಬ್ಯಾಡ್ರೀ!" ಅಂತ ಮೇಜಿನ ಆಚೆಯಿಂದ ದೇವಕ್ಕ ಕೂಗುತ್ತಾರೆ.

ಇದಾಗಿ ಎರಡು ತಿಂಗಳು. ಏನು ಬದಲಾಗಬೇಕು ಅಂತ ಕೇಳಿದರೆ ದೇವಕ್ಕ ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾರೆ. "ದೂರು ಕೊಡಾಕ ಬಂದಾಕಿಗೆ ಆ ಚಿತ್ರಾನ ಪುಟದ ಕಂಪನಿಯವ್ರೇ ಮುಚ್ಚಿ ತೋರಿಸ್ಲಿ. ಅಷ್ಟು ಆದ್ರ ನನಗ ಈ ರಟ್ಟು ಬ್ಯಾಡ." ಇದು ಮೂರನೆಯ ರಟ್ಟು. ಮೊದಲಿನವೆರಡರ ಕಿಂಡಿ ಬೆರಳು ತಾಗಿ ತಾಗಿ ಹರಿದವು.

ಪುಟದಿಂದ ಹೋದದ್ದು ಒಂದು ಚಿತ್ರ. ಭುವನೇಶ್ವರಿಗೆ ಹೋದದ್ದು ಮೂರು: ಜೊತೆಯವರು ನೋಡಿದರೆಂದು ಗಾರ್ಮೆಂಟ್ಸಿನ ಕೆಲಸ, ಬೀಗರು ನೋಡಿದರೆಂದು ತವರಿಗೆ ಹೋಗುವ ದಾರಿ, ಚಿತ್ರ ತೆಗೆದವನೆಂದು ಬಸಲಿಂಗನ ಜೊತೆ ಮಾತು.