ಎಂಟನೆಯ ಮೆಕ್ಕೆಜೋಳದ ಕಣ

ಇಂಥದನ್ನು ಬೇರೆ ಯಾರಾದರೂ ಹೇಳಿದ್ದರೆ, ಪಾಪ, ನಿದ್ದೆ ಕೆಟ್ಟಿರಬೇಕು ಅಂದುಕೊಂಡು ನಾನು ಮಾತು ಬದಲಿಸುತ್ತಿದ್ದೆ. ದೆವ್ವ, ಶಕುನ ಯಾವುದನ್ನೂ ನಂಬಿದವಳಲ್ಲ. ಎಣಿಸಿ ಬರೆದಿಟ್ಟದ್ದನ್ನು ಮಾತ್ರ ನಂಬುತ್ತೇನೆ. ಮೂರು ವರ್ಷದ ಹಿಂದಿನ ಡಿಸೆಂಬರಿನ ಆ ಭಾನುವಾರವೂ ಡೈರಿಯಲ್ಲಿದೆ. ಅದನ್ನೇ ನೋಡಿಕೊಂಡು ಬರೆಯುತ್ತಿದ್ದೇನೆ.

ಆಗ ನಾನು ಸಿಯಾಟಲ್ ಹತ್ತಿರ ಬಾಥೆಲ್‌ನ ಒಂದು ಚಿಕ್ಕ ಲ್ಯಾಬಿನಲ್ಲಿ ಪರಾಗ ಎಣಿಸುವ ಕೆಲಸದಲ್ಲಿದ್ದೆ. ಗ್ವಾಟೆಮಾಲಾದ ಒಂದು ಕೆರೆಯ ತಳದಿಂದ ಕೊಳವೆಯಲ್ಲಿ ತೆಗೆದ ಕೆಸರು ನಮ್ಮಲ್ಲಿಗೆ ಬಂದಿತ್ತು. ಹಿಂದೆ ಆ ಕೆರೆಯ ಸುತ್ತ ಮಾಯಾ ಜನ ಬೇಸಾಯ ಮಾಡುತ್ತಿದ್ದರು. ಕೆಸರಿನ ಒಂದು ಪದರದಲ್ಲಿ ಮರಗಳ ಪರಾಗ ಕಡಿಮೆಯಾಗಿ, ಹುಲ್ಲು ಕಳೆಗಳದ್ದು ಹೆಚ್ಚಾಗಿ, ಇದ್ದಿಲ ಚೂರೂ ಸಿಕ್ಕರೆ ಕಾಡು ಸುಟ್ಟು ಹೊಲ ಮಾಡಿರಬೇಕು ಎಂದು ತಿಳಿಯುತ್ತೇವೆ. ಅದರ ಮೇಲಿನ ಪದರಗಳಲ್ಲಿ ಮತ್ತೆ ಮರಗಳದ್ದೇ ಪರಾಗವಿತ್ತು. ಜನ ಬಿಟ್ಟು ಹೋದರು, ಕಾಡು ಬೆಳೆಯಿತು ಎಂದುಕೊಂಡಿದ್ದೆವು. ಆದರೆ ಆ ಕಾಡಿನ ಪದರದ ಒಂದು ಸ್ಲೈಡಿನಲ್ಲಿ ಮೆಕ್ಕೆಜೋಳದ ಪರಾಗ ಸಿಕ್ಕಿತು. ಅದು ದಪ್ಪ ಕಣ, ಗಾಳಿಯಲ್ಲಿ ದೂರ ಹೋಗುವುದಿಲ್ಲ. ಎಲ್ಲರೂ ಹೋದ ಮೇಲೂ ಯಾರೋ ಕೆರೆಯ ದಂಡೆಯಲ್ಲೇ ಬೆಳೆ ಇಡುತ್ತಿದ್ದರು.

ಅಂಥ ಕಣ ನನಗೆ ಸಿಕ್ಕಿದ್ದು ನಾಲ್ಕು. ಅದೇ ಸ್ಲೈಡನ್ನು ಶಬಾನಾ ಅಕ್ಕನೂ ಎಣಿಸಿದ್ದರು. ಲ್ಯಾಬಿನಲ್ಲಿ ನನ್ನನ್ನು ಬಿಟ್ಟರೆ ಕನ್ನಡದವರು ಮೈಸೂರಿನ ಅವರೊಬ್ಬರೇ. ಇಬ್ಬರ ಲೆಕ್ಕ ಹೊಂದಲಿಲ್ಲ. ಮತ್ತೊಮ್ಮೆ ಎಣಿಸು, ಆಗಲೂ ಹೊಂದದಿದ್ದರೆ ನೀನು ಈವರೆಗೆ ಎಣಿಸಿದ ಅರವತ್ತೆರಡು ಸ್ಲೈಡನ್ನೂ ಬೇರೆಯವರಿಗೆ ಕೊಡುತ್ತೇವೆ ಎಂದರು ಮುಖ್ಯಸ್ಥರು. ಅಂದರೆ ಕೆಲಸ ಹೋಯಿತು ಎಂದೇ.

ಶುಕ್ರವಾರ ಹೊರಡುವಾಗ ಅಕ್ಕನನ್ನು ಕೇಳಿದೆ. "ನಿಮ್ದು ನನಗಿಂತ ಹೆಚ್ಚಾ, ಕಮ್ಮೀನಾ? ಅಷ್ಟಾದ್ರೂ ಹೇಳಿ."

"ಹೇಳಿದ್ರೆ ಅಷ್ಟು ಸಿಗೋ ತನಕ ಹುಡುಕ್ತೀಯ, ಆಮೇಲೆ ನಿಲ್ಲಿಸ್ತೀಯ. ಮನೆಗೆ ಹೋಗಿ ಏನಾದ್ರೂ ತಿನ್ನೇ. ಡೈರೀಲಿ 'ಊಟ' ಅಂತ ಬರ್ಕೊಂಡ್ರೆ ಹೊಟ್ಟೆ ತುಂಬಲ್ಲ."

ಅವರು ಹೇಳಿದ್ದು ಸರಿ. ಮುಂದೇನು ಬರುತ್ತದೆಂದು ಎಣಿಸುವವರಿಗೆ ಮೊದಲೇ ಗೊತ್ತಿದ್ದರೆ ನಮ್ಮಲ್ಲಿ ಆ ಲೆಕ್ಕ ಲೆಕ್ಕವಲ್ಲ.

ಭಾನುವಾರ ಮಧ್ಯಾಹ್ನ ನಾನಿದ್ದ ಲಿನ್‌ವುಡ್‌ನಿಂದ ಬಸ್ಸಿನಲ್ಲಿ ಲ್ಯಾಬಿಗೆ ಹೋದೆ. ಶುಕ್ರವಾರ ಸಂಜೆಯಿಂದ ನಾನು ಆಡಿದ ಮಾತು ಎಂದರೆ ಬಸ್ ಡ್ರೈವರಿಗೆ ಎರಡು ಸಲ ಥ್ಯಾಂಕ್ಸ್. ಅದನ್ನೂ ಬರೆದಿಟ್ಟಿದ್ದೇನೆ. ಕಟ್ಟಡದಲ್ಲಿ ಯಾರೂ ಇರಲಿಲ್ಲ. ಒಂದು ಹತ್ತಕ್ಕೆ ಮೈಕ್ರೋಸ್ಕೋಪಿನ ಮುಂದೆ ಕೂತೆ. ಸ್ಲೈಡನ್ನು ಸಾಲು ಸಾಲಾಗಿ ಸರಿಸುತ್ತಾ ಹೋಗಬೇಕು; ಕಣ ಕಂಡರೆ ಎಡಗೈಯ ಕ್ಲಿಕ್ಕರ್ ಒತ್ತಬೇಕು, ಅದು ಟಕ್ ಎಂದು ಒಂದು ಅಂಕಿ ಏರಿಸುತ್ತದೆ.

ಮೂರನೇ ಸಾಲಿನಲ್ಲಿ ಹಿಂದಿನಿಂದ ಟಕ್ ಎಂದಿತು. ಹೀಟರ್ ಇರಬೇಕು ಅಂದುಕೊಂಡು ಸ್ಲೈಡ್ ಸರಿಸಿದೆ. ಮೆಕ್ಕೆಜೋಳದ ಕಣ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಸರಿಸಿದೆ, ಮತ್ತೊಂದು ಕಣ. ಮೂರನೇ ಸಲ ಎದ್ದು ಹೋಗಿ ನೋಡಿದೆ. ಶಬಾನಾ ಅಕ್ಕನ ಮೇಜಿನ ಮೇಲೆ ಅವರ ಕ್ಲಿಕ್ಕರ್ ಇತ್ತು, ಸೊನ್ನೆ ತೋರಿಸುತ್ತಿತ್ತು. ಹೀಟರ್ ಆರಿತ್ತು.

ವಾಪಸ್ ಬಂದು ಕೂತೆ. ಶಬ್ದ ಮೊದಲು, ಕಣ ಆಮೇಲೆ. ಹಿಂದಿನ ಸಲ ಹರಿದ ಹುಲ್ಲಿನ ಪರಾಗ ಎಂದು ಬಿಟ್ಟಿದ್ದವು ನಿಜವಾಗಿ ಮಡಿಚಿಕೊಂಡ ಮೆಕ್ಕೆಜೋಳವಾಗಿದ್ದವು. ಐದು, ಆರು, ಏಳು. ಅಷ್ಟರಲ್ಲಿ ನನಗೆ ಭಯ ಹೋಗಿತ್ತು. ಮುಂದಿನ ಟಕ್‌ಗೆ ಕಾಯುತ್ತಿದ್ದೆ, ಜೊತೆಯಲ್ಲಿ ಕೂತು ಕೆಲಸ ಮಾಡುವವರಿಗೆ ಕಾಯುವ ಹಾಗೆ. ಎಂಟನೆಯದು ಕೊನೆಯ ಸಾಲಿನಲ್ಲಿ, ಇದ್ದಿಲ ಚೂರಿನ ಕೆಳಗೆ ಅರ್ಧ ಮುಚ್ಚಿಹೋಗಿತ್ತು.

ಲೆಕ್ಕದ ಹಾಳೆಯಲ್ಲಿ 'ಷರಾ' ಎಂದು ಒಂದು ಕಾಲಂ ಬಿಟ್ಟುಕೊಳ್ಳುತ್ತೇನೆ. ಅಲ್ಲಿ ಕೇಳಿಸಿದ್ದನ್ನು ಬರೆದರೆ ಆ ಲೆಕ್ಕ ರದ್ದು, ಅದರ ಜೊತೆ ಅರವತ್ತೆರಡು ಸ್ಲೈಡೂ ಹೋಗುತ್ತವೆ. ಹತ್ತು ನಿಮಿಷ ಪೆನ್ ಹಿಡಿದು ಕೂತಿದ್ದು, ಖಾಲಿ ಬಿಟ್ಟು ಬಂದೆ.

ಸೋಮವಾರ ಶಬಾನಾ ಅಕ್ಕ ನನ್ನ ಹಾಳೆ ನೋಡಿ, "ನಂದು ಏಳು. ಎಂಟನೇದು ಎಲ್ಲಿ ಸಿಕ್ತು, ತೋರ್ಸು" ಎಂದರು. ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಇದು ನನ್ನ ಕಣ್ಣಿಗೇ ಬಿದ್ದಿಲ್ಲ. ನೀನು ಹೆಂಗೆ ಹಿಡಿದ್ಯೇ?"

"ನಿಧಾನವಾಗಿ ನೋಡ್ದೆ ಅಕ್ಕ" ಎಂದೆ.

ಎಂಟು ಎಂದೇ ದಾಖಲಾಯಿತು, ನನ್ನ ಕೆಲಸ ಉಳಿಯಿತು. ಕಣ್ಣಂಚಿಗೆ ಮೊದಲೇ ಕಂಡದ್ದನ್ನು ಕಿವಿ ಶಬ್ದ ಮಾಡಿಕೊಂಡಿರಬಹುದು ಎಂದು ಯೋಚಿಸಿದ್ದೇನೆ. ಆದರೆ ಟಕ್ ಎಂದಾಗ ಆ ಕಣಗಳಿನ್ನೂ ಕಣ್ಣಳತೆಗೇ ಬಂದಿರಲಿಲ್ಲ. ಆಮೇಲೆ ಹನ್ನೊಂದು ಭಾನುವಾರ ಕೆಲಸವಿಲ್ಲದಿದ್ದರೂ ಹೋಗಿ ಕೂತೆ. ಏನೂ ಕೇಳಿಸಲಿಲ್ಲ.

ಆ ಎಂಟು ಕಣ ಅಲ್ಲೇ ಇವೆ, ಯಾರು ಬೇಕಾದರೂ ನೋಡಬಹುದು. ಅವನ್ನು ಎಣಿಸಿದ್ದು ನಾನೇ ಎಂದು ಮಾತ್ರ ಹೇಳಲಾರೆ.