ಮೈನರ್ ಕಾರಿಗೆ ಬಂದ ಗಿರಾಕಿಗಳು

ಮೈನರ್ ಮಾರೋಣವೆಂದು ಹೇಳಿದವಳು ನನ್ನ ಹೆಂಡತಿ. ಇನ್ನು ಕಾರು ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಅವಳಿಗೆ ಹೇಳಿದ ದಿನವೇ, ಆಸ್ಪತ್ರೆಯಿಂದ ಮರಳುವಾಗ ಆಟೋದಲ್ಲಿ ಹೇಳಿದಳು. ನಾನು ಓಡಿಸುವ ಪ್ರಶ್ನೆಯೇ ಇರಲಿಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು ನಾನು. ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿದವನಿಗೆ ಮುಂದೆ ಕುಳಿತು ಚಕ್ರ ತಿರುಗಿಸುವ ಕೆಲಸ ಒಗ್ಗಲಿಲ್ಲ. ಬೆಳಿಗ್ಗೆ ಎಣ್ಣೆ, ನೀರು, ಟೈರಿನ ಗಾಳಿ ನೋಡಿ 'ಸೈ' ಎನ್ನುವುದು ನನ್ನ ಪಾಳಿ. ಓಡಿಸುವುದು ಅವಳದು.

ಅದು ಇಂಗ್ಲೆಂಡಿನಲ್ಲಿ ತಯಾರಾದ ಪುಟ್ಟ ಕಾರು, ವಯಸ್ಸಿನಲ್ಲಿ ನಮ್ಮ ಓರಗೆಯದು. ನಮ್ಮ ಕಣ್ಣಿಗೆ ಬಿದ್ದಾಗ ಒಂದು ಹತ್ತಿ ಮಿಲ್ಲಿನ ಹಿಂದೆ ಜಾಲಿಕಂಟಿಯ ನಡುವೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಅಂಗಳಕ್ಕೆ ತಂದು, ನಿವೃತ್ತಿಯ ಮೊದಲ ವರ್ಷಗಳನ್ನೆಲ್ಲ ಅದಕ್ಕೇ ಸುರಿದೆವು. ಮೂಲ ಎಂಜಿನ್ನು ಜೀವ ಬಿಟ್ಟಿತ್ತು. ನಮ್ಮ ದೇಶದ ಒಂದು ವ್ಯಾನಿನ ಎಂಜಿನ್ನು ಕೂರಿಸಿ, ಅದನ್ನು ಕಾಗದಪತ್ರದಲ್ಲೂ ಸೇರಿಸಿದ್ದಾಯಿತು. ಬ್ರೇಕು ಹೊಸದು. ಹೆಂಡತಿ ಗಿಡ್ಡಿ, ಹಾಗಾಗಿ ಸೀಟನ್ನು ಎತ್ತರಿಸಿ ಪೆಡಲುಗಳಿಗೆ ಸಾಗುವಾನಿಯ ತುಂಡು ಜೋಡಿಸಿದೆವು. ಬಣ್ಣ ಬಳಿಯುವವನ ಮುಂದೆ ಅವಳು ತನ್ನ ಇಳಕಲ್ ಸೀರೆಯೊಂದರ ಮಡಿಕೆ ಬಿಚ್ಚಿ ಹರವಿದಳು. "ಒಡಲಿನ ಬಣ್ಣ ಗಾಡಿಗೆ, ದಡಿ ಬಣ್ಣ ಚಕ್ರಕ್ಕ." ಹೀಗೆ ಅದು ಗಿಳಿಹಸಿರು ಮೈಯ, ಕೆಂಪು ಚಕ್ರದ ಕಾರಾಯಿತು.

ಮೊದಲು ನೋಡಲು ಬಂದವರು ಹಳೆಯ ಕಾರುಗಳನ್ನು ಸಂಗ್ರಹಿಸುವವರು. ಬಾನೆಟ್ ಎತ್ತಿದವರೇ ಮುಖ ಕಿವುಚಿದರು.

"ಹೊರಗ ಇಂಗ್ಲೆಂಡು, ಒಳಗ ಹುಬ್ಬಳ್ಳಿ ಆತಲ್ರಿ ಇದು!"

"ನನ್ನ ಕಣ್ಣಾಗೂ ಬ್ಯಾರೆ ಮಸೂರ ಕೂಡ್ಸ್ಯಾರ್ರಿ," ಎಂದಳು ಹೆಂಡತಿ. "ಅಂದ್ರ ನಾ ಬ್ಯಾರೆಯವರ ಹೇಂತಿ ಆದ್ನೇನು?"

ಅವರು ಜೋರಾಗಿ ನಕ್ಕು, ಕಾರು ಬೇಡವೆಂದು ಹೇಳಿ ಹೋದರು.

ಎರಡನೆಯವರು ಧಾರವಾಡ ರಸ್ತೆಯಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದವರು. ಜಗುಲಿಯ ಕುರ್ಚಿಯಲ್ಲಿ ಕುಳಿತು, ನಾನು ಹೇಳಿದ ಬೆಲೆಗೆ ಒಂದೇ ಮಾತಿಗೆ ಒಪ್ಪಿದರು. ಕೆಲಸ ವೇಳೆಗೆ ಸರಿಯಾಗಿ ಮುಗಿಯಿತೆಂದು ನಾನು ಹಿಗ್ಗಿದೆ.

"ಎಲ್ಲೆಲ್ಲಿ ಅಡ್ಡಾಡಸ್ತೀರಿ?" ಹೆಂಡತಿ ಕೇಳಿದಳು.

"ಅಡ್ಡಾಡ್ಸೋದ್ಯಾಕ್ರಿ ಬಾಯಾರ? ಎಂಜಿನ್ ತಗದು, ಕಟ್ಟಿ ಮ್ಯಾಲ ನಿಂದ್ರಸ್ತೀವಿ. ಮದಿಮಕ್ಕಳು ಫೋಟೋ ತಗಸ್ಕೋತಾರ."

ಅವಳು ಒಳಗೆ ಹೋದಳು. ಚಹಾ ತರಲು ಹೋದಳೆಂದುಕೊಂಡೆ. ನಮ್ಮ ಕಡೆ, ಮನೆಗೆ ಬಂದು ಕುಳಿತವರನ್ನು ಚಹಾ ಕೇಳದೆ ಕಳಿಸುವುದೆಂದರೆ ಬಾಗಿಲು ಮುಚ್ಚಿದಂತೆಯೇ. ಹಾಲು ಹಾಕುವವನೂ ನಮ್ಮಲ್ಲಿ ಚಹಾ ಕುಡಿಯದೆ ಸೈಕಲ್ ಹತ್ತಿದವನಲ್ಲ. ನಾನು ಮಳೆಯ ಮಾತಾಡಿದೆ, ಹೊಸ ರಸ್ತೆಯ ಮಾತಾಡಿದೆ. ಒಳಗೆ ಬೋಗುಣಿಯ ಸದ್ದೇ ಇಲ್ಲ. ಕೊನೆಗೆ ಆ ಹಿರಿಯರೇ ಕುರ್ಚಿ ಸರಿಸಿ ಎದ್ದರು. "ತಿಳೀತ್ರಿ. ಬರ್ತೀನಿ."

ಒಳಗೆ ಅವಳು ಮೆಂತ್ಯೆಪಲ್ಲೆ ಸೋಸುತ್ತ ಕುಳಿತಿದ್ದಳು.

"ಚಹಾ ಯಾಕ ಮಾಡ್ಲಿಲ್ಲ?"

"ಹಾಲಿಲ್ಲ."

ಒಲೆಯ ಮೇಲೆ ಕೆನೆಗಟ್ಟಿದ ಹಾಲಿನ ಪಾತ್ರೆ ಕಾಣುತ್ತಲೇ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ನಾ ಇನ್ನ ಮನ್ಯಾಗ ಕುಂದ್ರಬೇಕು, ಖರೇ," ಎಂದಳು ತಲೆಯೆತ್ತದೆ. "ಅದೂ ಕುಂದ್ರಬೇಕೇನು?"

ಆಮೇಲೆ ನಾನು ಬೆಲೆಯ ಮಾತು ಮೊದಲು ಎತ್ತಲಿಲ್ಲ.

ಮೂರನೆಯ ಸಲ ಬಂದವರು ಸುಳ್ಳ ಎಂಬ ಊರಿನ ಗಂಡ ಹೆಂಡತಿ. ಗಂಡನದು ಹತ್ತಿ ವ್ಯಾಪಾರ. ಆಕೆ ಉಣಕಲ್ಲಿನ ಶಾಲೆಯಲ್ಲಿ ಶಿಕ್ಷಕಿ. ಲೈಸೆನ್ಸ್ ಮಾಡಿಸಿಕೊಂಡೂ ಬಸ್ಸಿನಲ್ಲೇ ಓಡಾಡುತ್ತಿದ್ದರು. ಆಕೆಯೂ ಗಿಡ್ಡಿ. ಸೀಟಿನಲ್ಲಿ ಕುಳಿತವರೇ ಕಾಲು ಚಾಚಿದರು, ಪಾದ ಪೆಡಲಿಗೆ ಮುಟ್ಟಿತು. ದಿಂಬಿಲ್ಲದೆ ಮುಂದಿನ ರಸ್ತೆಯೂ ಕಂಡಿತು.

"ನಮ್ಮಲ್ಲಿ ಹೊಸಾ ಗಾಡಿ ಅದಲ್ಲ, ಹಳೇದ್ಯಾಕ?" ಗಂಡ ಗೊಣಗಿದರು.

"ಮನಿ ಮುಂದಿನ ಹೊಸಾದು ನಿಮ್ಮ ಅಳತಿದು. ಅದರಾಗ ನಾ ಕುಂತ್ರ ಗಾಡಿ ತಾನ ಹೊಂಟದ ಅಂತ ಮಂದಿ ಹೆದರ್ತಾರ."

ನನ್ನ ಹೆಂಡತಿ ಆಕೆಯ ಪಕ್ಕದ ಸೀಟಿಗೆ ಹತ್ತಿಯೇ ಬಿಟ್ಟಳು. ಉಣಕಲ್ ಕೆರೆಯವರೆಗೆ ಹೋಗಿ ಬಂದರು. ಬಂದವರಿಗೆ ಬರೀ ಚಹಾ ಅಲ್ಲ, ಬಿಸಿ ರೊಟ್ಟಿ, ಎಣ್ಣೆಗಾಯಿ, ಗಡ್ಡೆಮೊಸರು. ಎಲ್ಲ ಮುಗಿದ ಮೇಲೆ ನಾನು ಬೆಲೆ ಹೇಳಿದೆ. ವ್ಯಾಪಾರಿ ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಮೊದಲ ಹೇಳಬೇಕಿಲ್ರೀ ಕಾಕಾ? ನಿಮ್ಮ ರೊಟ್ಟಿ ಉಂಡು ನಿಮ್ಮ ಕೂಡ ಹ್ಯಾಂಗ ಚೌಕಾಶಿ ಮಾಡ್ಲಿ?"

ಅದು ಹೆಂಡತಿಯ ಉಪಾಯವೋ, ಬರೀ ಸಂತೋಷವೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ.

ಕಾಗದಪತ್ರ ಆಗುವವರೆಗೆ ಶಿಕ್ಷಕಿ ದಿನಾ ಶಾಲೆಗೆ ಹೋಗುವ ಮೊದಲು ನಮ್ಮಲ್ಲಿಗೆ ಬಂದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಲು ಕಲಿತರು. ಕಾರು ಒಯ್ಯುವ ದಿನ ಒಬ್ಬರೇ ಬಂದರು. ಗೇಟು ದಾಟಿದ ಕೂಡಲೇ ಏರಿನಲ್ಲಿ ಕಾರು ಗಕ್ಕನೆ ನಿಂತಿತು. ತಳ್ಳಲೆಂದು ಹೊರಟ ನನ್ನ ತೋಳನ್ನು ಹೆಂಡತಿ ಹಿಡಿದಳು.

"ಬಿಡ್ರಿ. ಆಕಿ ಎಬ್ಬಸ್ತಾಳ."

ಎಂಜಿನ್ನು ಕೆಮ್ಮಿತು, ಮತ್ತೆ ಕೆಮ್ಮಿ ಹಿಡಿಯಿತು. ಕಾರು ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು, ಸದ್ದು ಮಾತ್ರ ಉಳಿಯಿತು. ಹೆಂಡತಿ ಕಿವಿಗೊಟ್ಟು ನಿಂತಳು. ಸೀರೆಯ ಕೆಳಗೆ ಅವಳ ಎಡಗಾಲು ಕ್ಲಚ್ಚು ಒತ್ತಿದಂತೆ ನೆಲವನ್ನು ಒತ್ತಿ, ಮೆಲ್ಲಗೆ ಬಿಟ್ಟಿತು.

"ಎರಡನೇ ಗೇರ್ ಹಾಕಿದ್ಳು," ಎಂದಳು. ತುಸು ತಡೆದು, "ಮೂರನೇದು ಲಗೂ ಆತು. ಕಲೀತಾಳ."